ಗಿರಗಿಟ್ಲಿಯ ಗುರುತು

ಮಂಜಮ್ಮನ ತವರು ಗಡಿಯಾಚೆಯ ಆಲೂರು. ಅಲ್ಲಿಯ ತೆಲುಗಿನಲ್ಲಿ ಎಲೆಯೂ ಪಚ್ಚ, ಅರಿಶಿನವೂ ಪಚ್ಚ. ಬಳ್ಳಾರಿಗೆ ಮದುವೆಯಾಗಿ ಬಂದು ತಲೆ ನರೆತರೂ ಆ ಪಚ್ಚ ಅವಳನ್ನು ಬಿಟ್ಟಿರಲಿಲ್ಲ. ಸೊಸೆ ಅನುಷಾ ಕುರುಗೋಡಿನಲ್ಲಿ ಟೀಚರು. ಅತ್ತೆಗೆ ಸಲೀಸಾಗಲೆಂದು ಅತ್ತೆಯ ಮಾತನ್ನೇ ಬೆರೆಸಿ ಆಡುವವಳು. ಆಗಿದ್ದೇ ಅಲ್ಲಿ ಎಡವಟ್ಟು!

"ಅತ್ತಿ, ಸಿರುಗುಪ್ಪದ ಜಂಬುನಾಥ ಬರ್ತಾನ್ರಿ. ಪಚ್ಚ ಮುಚ್ಚಳದ ಡಬ್ಬಿ ಕೊಟ್ಟು ಕಳಿಸ್ರಿ" ಎಂದು ಅವಳು ಫೋನಿನಲ್ಲಿ ಹೇಳಿದ್ದು ಹಸಿರು ಮುಚ್ಚಳದ್ದನ್ನು. ಮಂಜಮ್ಮ ಕೊಟ್ಟು ಕಳಿಸಿದ್ದು ಹಳದಿಯದನ್ನು.

ಡಬ್ಬಿಯಲ್ಲಿದ್ದದ್ದು ಹಲ್ಲಿ. ಗೋಡೆಯ ಮೇಲೆ ಲೊಚಗುಟ್ಟುವುದಲ್ಲ. ಅನುಷಾ ಆಸೆಪಟ್ಟು ಸಾಕಿದ ಚಿರತೆ ಹಲ್ಲಿ. ಗೇಣುದ್ದ ಮೈ, ದಪ್ಪ ಬಾಲ, ತುಂಬ ಚುಕ್ಕೆ. ಹಸಿರು ಮುಚ್ಚಳದ್ದು ಗಟ್ಟಿಮುಟ್ಟು, ಜಂಬುನಾಥನಿಗೆ ಸಾಕಲು ಕೊಡಬೇಕಾಗಿದ್ದು. ಹಳದಿ ಮುಚ್ಚಳದ್ದಕ್ಕೆ ಅದರ ತಳಿಗೇ ಅಂಟಿದ ರೋಗ. ತಲೆ ವಾಲಿಸಿ ಗಿರಗಿರ ತಿರುಗುತ್ತಿತ್ತು, ಎದುರಿಗಿದ್ದ ಹುಳ ಬಿಟ್ಟು ಗಾಳಿ ಕಚ್ಚುತ್ತಿತ್ತು. ಮಂಜಮ್ಮ ಅದಕ್ಕೆ ಗಿರಗಿಟ್ಲಿ ಎಂದು ಹೆಸರಿಟ್ಟಿದ್ದಳು. ಮುಟ್ಟಲು ಹೇಸಿಗೆಯಾದರೂ ಚಿಮುಟದಿಂದ ಹುಳ ಹಿಡಿದು ದಿನಾ ಉಣಿಸುವವಳು ಅವಳೇ. ಹಾಗೆ ಬಾಯಿಗೆ ಹಿಡಿಯುವವರಿಲ್ಲದಿದ್ದರೆ ಅದು ಉಪವಾಸ ಸಾಯುತ್ತಿತ್ತು.

ಸಂಜೆ ಮನೆಗೆ ಬಂದ ಅನುಷಾ ಹಸಿರು ಡಬ್ಬಿ ಮನೆಯಲ್ಲೇ ಉಳಿದಿದ್ದು ನೋಡಿ ಅತ್ತೇಬಿಟ್ಟಳು. ನಾಳೆ ಪರೀಕ್ಷೆ ಡ್ಯೂಟಿ, ರಜೆ ಸಿಗದು. ಮಂಜಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು.

"ಅಳಬ್ಯಾಡ ಸುಮ್ನಿರು. ಕೊಟ್ಟಾಕಿ ನಾನು, ತರಾಕಿನೂ ನಾನ."

ಬೆಳಗಾಗುತ್ತಲೇ ಹಸಿರು ಮುಚ್ಚಳದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಸಿರುಗುಪ್ಪ ಬಸ್ಸು ಹತ್ತಿದಳು. ಪಕ್ಕದ ಹೆಂಗಸು ಇಣುಕಿ ನೋಡಿ ಹೌಹಾರಿ ತೆಕ್ಕಲಕೋಟೆವರೆಗೂ ನಿಂತೇ ಹೋದಳು. ಹೋಗಲಿ ಬಿಡಿ, ಮಂಜಮ್ಮನಿಗೆ ಕಾಲು ಚಾಚಲು ಜಾಗವಾಯಿತು.

ಜಂಬುನಾಥ ಅಕ್ಕಿ ಮಿಲ್ಲಿನ ಮೆಕ್ಯಾನಿಕ್ಕು, ಹಲ್ಲಿ ಹುಚ್ಚಿನವನು. ವಿಷಯ ಕೇಳಿ ತಲೆ ಕೆರೆದುಕೊಂಡ. ಹಿಂದಿನ ಸಂಜೆ ಎಲ್ಲ ಡಬ್ಬಿ ತೊಳೆದು ಹಲ್ಲಿಗಳನ್ನು ಮತ್ತೆ ಹಾಕಿದ್ದನಂತೆ. ಯಾವುದು ಎಲ್ಲಿ ಹೋಯಿತೋ ಅವನಿಗೇ ನೆನಪಿಲ್ಲ. ಅನುಷಾಳ ಫೋನು ಪರೀಕ್ಷೆಯ ಕಾರಣ ಬಂದ್ ಆಗಿತ್ತು.

"ಎಲ್ಲಾ ಒಂದ ನಮೂನಿ ಅದಾವಮ್ಮ. ಯಾವುದಾರ ಒಂದು ಒಯ್ರಿ. ಆಕಿಗೇನು ತಿಳಿತೈತಿ?"

"ಆಕಿಗೆ ತಿಳಿಯೋದಲ್ಲಪ್ಪ. ಅದು ಇಲ್ಲೇ ಉಳಿದ್ರ ಹಸಿದು ಸಾಯ್ತೈತಿ. ಎಲ್ಲಾ ತೆಗಿ."

ಒಂದೊಂದೇ ಮುಚ್ಚಳ ತೆಗೆಸಿದಳು. ಮೊದಲನೆಯದು ಕೇಸರಿಬಾತಿನ ಬಣ್ಣ. "ಟ್ಯಾಂಜರಿನ್ ತಳಿ" ಎಂದ ಜಂಬುನಾಥ. "ಏನರ ಅನ್ನು, ನಮ್ದಲ್ಲ." ಮಜ್ಜಿಗೆಯಂತೆ ಬಿಳುಪಾಗಿದ್ದ ಇನ್ನೊಂದನ್ನು ಸ್ನೋ ಎಂದ. ಅದೂ ಅಲ್ಲ. ಮತ್ತೊಂದರ ಕಣ್ಣು ಕೆಂಪಗೆ, ಮೈಮೇಲೆ ಹುಡುಕಿದರೂ ಕರಿ ಚುಕ್ಕೆಯಿಲ್ಲ, ಅಲ್ಬಿನೋ ಅಂತೆ. ಅದನ್ನೂ ಸರಿಸಿದಳು.

ಕೊನೆಗೆ ಉಳಿದವು ಎರಡು. ಎರಡೂ ಚಿತ್ರಾನ್ನಕ್ಕೆ ಸಾಸಿವೆ ಉದುರಿಸಿದ ಹಾಗೆ. ಬಾಲ ನೋಡಿದಳು, ಕಾಲು ನೋಡಿದಳು, ಕನ್ನಡಕ ಒರೆಸಿ ಮತ್ತೆ ನೋಡಿದಳು. ಊಹೂಂ! ಎರಡೂ ಅಲ್ಲಾಡದೆ ಕೂತಿದ್ದವು. ಆದರೆ ಬರಿಗೈಲಿ ಹೋಗುವ ಹೆಂಗಸಲ್ಲ ಅದು.

"ಹುಳ ತಾ" ಎಂದಳು.

ಒಂದೊಂದು ಹುಳ ಬಿಟ್ಟರು. ಒಂದು ಹಲ್ಲಿ ಗಬಕ್ಕನೆ ನುಂಗಿತು. ಇನ್ನೊಂದು ತಲೆ ವಾಲಿಸಿ, ಒಂದು ಸುತ್ತು ತಿರುಗಿ, ಹುಳದ ಪಕ್ಕದ ಮಣ್ಣು ಕಚ್ಚಿತು.

"ಇದ! ಇದ ನಮ್ ಗಿರಗಿಟ್ಲಿ!" ಮಂಜಮ್ಮನ ಕಣ್ಣು ತುಂಬಿ ಬಂದವು.

ಜಂಬುನಾಥ ಬೆಚ್ಚಿದ. "ಅಯ್ಯ, ಇದು ರೋಗದ್ದು! ಬಾಳ ದಿನ ಉಳಿಯೋದಲ್ಲ. ಯಾಕ್ರಿ ಹೊತ್ಕೊಂಡು ಹೋಗಾಕ ಬಂದೀರಿ? ಆ ಗಟ್ಟಿದ್ದನ್ನ ಇಟ್ಕೊಂಡು ಇದನ್ನ ಬಿಟ್ಟು ಹೋಗ್ರಿ."

"ಉಳಿಯೋದು ಅದರ ಹಣೆಬರಹ. ಉಣ್ಸೋದು ನನ್ ಕೆಲಸ. ಗಟ್ಟಿದ್ದು ನಿನಗ ಕೊಟ್ಟಿದ್ದು, ನೀನ ಇಟ್ಗ" ಎಂದು ಹಸಿರು ಮುಚ್ಚಳದ ಡಬ್ಬಿ ಅವನ ಮುಂದೆ ಸರಿಸಿದಳು.

ನಿನ್ನೆಯಿಂದ ಹಸಿದ ಜೀವ. ಅವಸರದಲ್ಲಿ ಚಿಮುಟ ತಂದಿರಲಿಲ್ಲ. ಎಡಗೈಯಲ್ಲಿ ಗಿರಗಿಟ್ಲಿಯನ್ನು ಎತ್ತಿಕೊಂಡಳು, ಬಲಗೈಯ ಬೆರಳಲ್ಲಿ ಹುಳ ಹಿಡಿದಳು. ಅದು ಒಮ್ಮೆ ಆಚೆ ಕಚ್ಚಿತು, ಒಮ್ಮೆ ಈಚೆ. ಮೂರನೆಯ ಸಲ ಹುಳ ಬಿಟ್ಟು ಅವಳ ಬೆರಳನ್ನೇ ಗಪ್ಪನೆ ಹಿಡಿಯಿತು.

"ಬಿಡಿಸ್ಲೇನ್ರಿ?" ಎಂದು ಜಂಬುನಾಥ ಧಾವಿಸಿದ.

ಮಂಜಮ್ಮ ಕೈ ಅಲುಗಿಸಲಿಲ್ಲ. "ಇರಲಿ ಬಿಡಪ್ಪ. ಒಂದ್ಸಲನಾರ ಗುರಿ ಸಿಕ್ಕೈತಿ ಅದಕ್ಕ."