ಪಥ್ಯಕ್ಕೆ ನಿಲ್ಲಿಸಿದ ಮಾತ್ರೆ

ರಕ್ತನಾಳದ ಮಾತು ವೈದ್ಯರಾದವರು ಆಡಬೇಕಾದದ್ದು. ಆ ವಿದ್ಯೆ ಓದದವರು ಅದನ್ನು ಕತೆ ಮಾಡಿ ಹೇಳಹೊರಟರೆ ಎಲ್ಲಿ ಮಾತು ತಪ್ಪುತ್ತದೋ ಎಂಬ ಅಳುಕು ಇದ್ದೇ ಇರುತ್ತದೆ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು. ಆದರೂ ಸುನಂದಮ್ಮನ ಸಂಗತಿಯನ್ನು ಹೇಳದೆ ಬಿಡಲು ಮನಸ್ಸು ಒಪ್ಪುವುದಿಲ್ಲ.

ಹುಣಸೂರು ಕಡೆಯ ಗುರುಪುರದ ಆಚೆಗೆ ಸುನಂದಮ್ಮನ ಗಂಡ ಶಿವನಂಜಪ್ಪನಿಗೆ ಹೊಗೆಸೊಪ್ಪನ್ನು ಕೊಳವೆಯ ಬಿಸಿಯಲ್ಲಿ ಬೇಯಿಸುವ ಒಂದು ಮನೆ, ಬ್ಯಾರನ್ನು, ಇತ್ತು. ಆ ವರ್ಷ ಬೇಸಗೆಯಲ್ಲಿ ಎದೆ ಹಿಡಿದುಕೊಂಡು ಕೂತವನನ್ನು ಮೈಸೂರಿಗೆ ಕರೆದೊಯ್ದಾಗ, ಹೃದಯದ ನಾಳ ಕಟ್ಟಿಕೊಳ್ಳುತ್ತಿದೆ ಎಂದು ಡಾಕ್ಟರು ಮಾತ್ರೆ ಬರೆದುಕೊಟ್ಟರು. ತಪ್ಪಿಸಬಾರದು, ಮುಂದೆ ಆಪರೇಶನ್ನೂ ಬೇಕಾಗಬಹುದು ಎಂದರು. ಮಾತ್ರೆ ಕೊಡುವ ಕೆಲಸ ಸುನಂದಮ್ಮನದು. ಬೆಳಿಗ್ಗೆ ಅವಳು ಅಂಗೈಗೆ ಏನು ಹಾಕಿದರೂ ಅವನು ನೋಡದೆ ಬಾಯಿಗೆ ಹಾಕಿಕೊಳ್ಳುತ್ತಿದ್ದ.

ಮುಂಗಾರು ಹಿಡಿದ ಮೇಲೆ ಅವಳ ಅಕ್ಕನ ಮಗ ಧರ್ಮೇಂದ್ರ ಹುಣಸೂರಿನಿಂದ ಬೈಕಿನಲ್ಲಿ ಬಂದ. ಕೊರಳಲ್ಲಿ ಟೈ, ಬ್ಯಾಗಿನ ತುಂಬ ಮಾರಲು ತಂದ ವಿಟಮಿನ್ ಡಬ್ಬಿ.

"ಏನ್ಲಾ, ಬಸವನಂಗೆ ಕೊರಳಿಗೆ ಹಗ್ಗ ಕಟ್ಕಂಡಿದ್ದೀಯ?" ಎಂದು ಶಿವನಂಜಪ್ಪ ನಕ್ಕ.

"ನಗಬ್ಯಾಡಿ ಚಿಕ್ಕಪ್ಪ. ಬ್ಯಾರನ್ ಕೊಳವೇಲಿ ಮಸಿ ಕಟ್ಕಂಡ್ರೆ ಏನ್ ಮಾಡ್ತೀರಿ?"

"ಬಡ್ದು ಉದುರುಸ್ತೀವಿ."

"ಇದೂ ಅಂಗೇ ಕಣ ಚಿಕ್ಕಪ್ಪ. ಈ ಗುಳಿಗೆ ಒಳಕ್ಕೋಗಿ ನರದಲ್ಲಿರೋ ಕೊಬ್ಬ ತೊಳ್ದಾಕ್ತದೆ. ಆಪರೇಶನ್ ಗೀಪರೇಶನ್ ಏನೂ ಬ್ಯಾಡ."

ಕೊನೆಯ ಮಾತೊಂದೇ ಗಂಡ ಹೆಂಡತಿ ಇಬ್ಬರಿಗೂ ಸಾಕಾಯಿತು. ಸೊಪ್ಪು ಏರಿಸುವ ಮೊದಲು ವರ್ಷ ವರ್ಷವೂ ಕೊಳವೆ ಬಿಚ್ಚಿ ಮಸಿ ಉದುರಿಸುವ ಮನೆಯವರು ನಾಳ ತೊಳೆಯುವ ಮಾತನ್ನು ನಂಬದಿರುವುದು ಹೇಗೆ?

ಆಸ್ಪತ್ರೆಯ ಮಾತ್ರೆ ನಿಲ್ಲಿಸಿ ಎಂದು ಧರ್ಮೇಂದ್ರ ಹೇಳಲಿಲ್ಲ. ಆದರೆ ಸುನಂದಮ್ಮನ ತವರಿನಲ್ಲಿ ಕಾಮಾಲೆಗೆ ಬೇರು ಅರೆದು ಕೊಡುತ್ತಿದ್ದರು. ಒಂದು ಮದ್ದು ಹೊಟ್ಟೆಯಲ್ಲಿರುವಾಗ ಇನ್ನೊಂದನ್ನು ಸೋಕಿಸಬಾರದು, ಸೋಕಿಸಿದರೆ ಎರಡೂ ಕೆಡುತ್ತವೆ ಎಂಬುದು ತಾಯಿ ಕಲಿಸಿದ ಪಥ್ಯ. ಹೊಸ ಮದ್ದು ಕೆಡದಿರಲೆಂದು ಅವಳು ಹಳೆಯದನ್ನು ರಾಗಿ ಮಡಕೆಯ ಹಿಂದೆ ಎತ್ತಿಟ್ಟಳು. ಗಂಡನಿಗೆ ಹೇಳಲಿಲ್ಲ. ಪಥ್ಯ ನೋಡುವುದು ಒಲೆಯ ಮುಂದಿನವರ ಕೆಲಸ. ಗಂಡಸರನ್ನು ಕೇಳಿ ಅದನ್ನು ಯಾರು ಮಾಡುತ್ತಾರೆ?

ಬ್ಯಾರನ್ನಿಗೆ ಬೆಂಕಿ ಇಟ್ಟ ಮಾರನೆಯ ಮಧ್ಯಾಹ್ನ, ಒಲೆಬಾಯಿಗೆ ಸೌದೆ ನೂಕುತ್ತಿದ್ದ ಶಿವನಂಜಪ್ಪ ಹಾಗೆಯೇ ಕುಸಿದು ಕೂತ. ಮೈಯೆಲ್ಲ ಬೆವರು. ಅಷ್ಟು ಬೆಂಕಿಯ ಮುಂದಿದ್ದರೂ ಮುಟ್ಟಿದರೆ ಮೈ ತಣ್ಣಗಿತ್ತು. ಸುನಂದಮ್ಮ ಅವನ ರಟ್ಟೆ ಹಿಡಿದೆಳೆದಳು.

"ಏಳಿ, ಮೈಸೂರಿಗೋಗವ."

"ಬೆಂಕಿ ಬುಟ್ಟು ಎಲ್ಲಿಗೆ ಬರ್ಲೇ? ಸೊಪ್ಪು ಕರ್ರಗಾಯ್ತದೆ."

"ಸೊಪ್ಪಿನ ಮನೆ ಹಾಳಾಗೋಗ್ಲಿ, ಏಳಿ ಅಂದ್ರೆ!"

ಪಕ್ಕದ ಬ್ಯಾರನ್ನಿನ ಚಲುವಯ್ಯ ಬೆಂಕಿ ನೋಡಿಕೊಳ್ಳಲು ನಿಂತ. ಸುನಂದಮ್ಮ ಗಂಡನನ್ನು ಬಾಡಿಗೆ ಜೀಪಿಗೆ ಹತ್ತಿಸಿ, ವಿಟಮಿನ್ ಡಬ್ಬಿಯನ್ನು ಮಡಿಲಿಗೆ ಹಾಕಿಕೊಂಡು ತಾನೂ ಹತ್ತಿದಳು. ಬಿಳಿಕೆರೆ ದಾಟಿದರೂ ಅವಳ ಕಣ್ಣಿಗೆ ರಸ್ತೆ ಕಾಣಲಿಲ್ಲ, ರಾಗಿ ಮಡಕೆಯೇ ಕಾಣುತ್ತಿತ್ತು. ಹೇಳಿದರೆ, ಗಂಡನನ್ನು ಕೈಯಾರೆ ಕೊಂದವಳು ಎನ್ನುತ್ತಾರೆ. ಹೇಳದಿದ್ದರೆ ಏನಾಗುತ್ತದೆಂದು ಯೋಚಿಸಲೂ ಭಯವಾಗಿ ಅವನ ಕೈಯನ್ನೇ ಉಜ್ಜುತ್ತ ಕೂತಳು.

ಆಸ್ಪತ್ರೆಯಲ್ಲಿ ಡಾಕ್ಟರು ಹಳೆಯ ಚೀಟಿ ನೋಡಿ, "ಈ ಮಾತ್ರೆ ದಿನಾ ತಗೊಳ್ತಿದ್ರಾ?" ಎಂದು ಕೇಳಿದರು.

ಮಲಗಿದ್ದಲ್ಲಿಂದಲೇ ಶಿವನಂಜಪ್ಪ, "ಒಂದಿನಾನೂ ತಪ್ಸಿಲ್ಲ ಸ್ವಾಮಿ. ಇವ್ಳೇ ಕೊಡ್ತಾಳೆ" ಎಂದ. ಅಷ್ಟು ನೋವಿನಲ್ಲೂ ಆ ದನಿಯಲ್ಲಿ ಹೆಮ್ಮೆಯಿತ್ತು.

ಡಾಕ್ಟರು ಬರೆದುಕೊಳ್ಳತೊಡಗಿದರು. ಆ ಬರವಣಿಗೆಯ ಮೇಲೆಯೇ ಇನ್ನು ಮುಂದಿನದೆಲ್ಲ ನಡೆಯುತ್ತದೆ ಎಂದು ಸುನಂದಮ್ಮನಿಗೆ ಹೊಳೆಯಿತು.

"ಇಲ್ಲ ಸ್ವಾಮಿ, ನಾನು ಕೊಟ್ಟಿಲ್ಲ. ನರದ ಕೊಬ್ಬು ತೊಳೀತದೆ ಅಂತ ಇದನ್ನ ಕೊಡ್ತಿದ್ದೆ" ಎಂದು ಡಬ್ಬಿ ಮುಂದಿಟ್ಟಳು.

"ಅದನ್ನ ನಿಲ್ಸಿ ಅಂತ ಯಾರಂದ್ರು?"

"ಯಾರೂ ಅನ್ನಲಿಲ್ಲ. ಪಥ್ಯ ಅಂತ ನಾನೇ..."

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ. ಬರೆದದ್ದನ್ನು ಹೊಡೆದುಹಾಕಿ, ನರ್ಸಿಗೆ ಬೇಗಬೇಗ ಏನೋ ಹೇಳಿ, ಆಮೇಲೆ ಅವಳತ್ತ ತಿರುಗಿದರು. "ನಾಳ ತೊಳೆಯೋ ಗುಳಿಗೆ ಯಾವುದೂ ಇಲ್ಲಮ್ಮ. ನಾವು ಕೊಟ್ಟಿದ್ದು, ಅಲ್ಲಿ ರಕ್ತ ಹೆಪ್ಪುಗಟ್ಟದೆ ಇರ್ಲಿ ಅಂತ. ಈಗಲಾದ್ರೂ ಹೇಳಿದ್ರಲ್ಲ, ಒಳ್ಳೇದಾಯ್ತು."

ಗಾಲಿ ಮಂಚವನ್ನು ಒಳಗೆ ತಳ್ಳುವಾಗ ಶಿವನಂಜಪ್ಪ ಅವಳನ್ನು ಒಂದು ಗಳಿಗೆ ದಿಟ್ಟಿಸಿದ. ಬಾಯಿ ತೆರೆದ. ಬೈಗುಳಕ್ಕೆ ಅವಳು ತಲೆ ತಗ್ಗಿಸಿದಳು.

"ಬೆಂಕಿ ಜಾಸ್ತಿ ಹಾಕ್ಬ್ಯಾಡ ಅನ್ನು, ಚಲುವಯ್ಯಂಗೆ" ಎಂದ.

ಶಿವನಂಜಪ್ಪ ಉಳಿದುಕೊಂಡ. ಮಾತ್ರೆ ಕೊಡುವ ಕೆಲಸ ಆಮೇಲೂ ಸುನಂದಮ್ಮನದೇ ಆಯಿತು. ಅವನು ಮಾತ್ರ ಬಾಯಿಗೆ ಹಾಕಿಕೊಳ್ಳುವ ಮುಂಚೆ ಅಂಗೈಯನ್ನು ಒಮ್ಮೆ ನೋಡಿಕೊಳ್ಳುತ್ತಿದ್ದ.

ಅವಳ ಪಥ್ಯದಿಂದಲೇ ಹಾಗಾಯಿತೋ, ಮಾತ್ರೆ ನುಂಗಿದ್ದರೂ ಆಗುತ್ತಿತ್ತೋ, ಅವಳು ಡಾಕ್ಟರನ್ನು ಕೇಳಲಿಲ್ಲ. ಕೇಳಿದ್ದರೆ ಅವರಾದರೂ ಏನು ಹೇಳುತ್ತಿದ್ದರೋ, ಅದು ಗೊತ್ತಿಲ್ಲ.