ಬಾಂಬಿನ ಹೊಲಕ್ಕೆ ಬ್ಯಾಡಗಿಯ ಬೀಜ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಶ್ರೀಲಂಕೆಯ ಮಹಮ್ಮದ್ ಹನೀಫ್ ಬ್ಯಾಡಗಿಯವರೆಗೆ ಬಂದು, ಎದುರು ಕುಳಿತು, ಈ ವರ್ಷ ಮೆಣಸಿನಕಾಯಿ ಬೇಡ ಎಂದಾಗ ತಂದಿಟ್ಟ ಚಹಾ ಕುಡಿಯಿರಿ ಎಂದೂ ನಾನು ಹೇಳಲಿಲ್ಲ. ಅವನ ಖಾರಪುಡಿ ಗಿರಣಿಯನ್ನೇ ನಂಬಿ ನನ್ನ ಅಂಗಳದಲ್ಲಿ ಇಪ್ಪತ್ತೆರಡು ಹೆಂಗಸರು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವನು ಬೇಡವೆಂದರೆ ಅವರಿಗೆ ನಾಳೆಯಿಂದ ಕೆಲಸವಿಲ್ಲ.

ನಿಮ್ಮಲ್ಲಿ ಯುದ್ಧ ಮುಗಿದು ಏಳು ತಿಂಗಳಾಯಿತಲ್ಲ, ಇನ್ನೇನು ಅಡ್ಡಿ ಎಂದು ಕೇಳಿದೆ. ದುಬೈಯಲ್ಲಿ ದುಡಿಯುವಾಗ ಕಲಿತ ಹಿಂದಿಯಲ್ಲಿ ಅವನು ಸಾವಕಾಶವಾಗಿ ಹೇಳಿದ. ಅವರೂ ಹಾಗೇ ಅಂದುಕೊಂಡಿದ್ದರಂತೆ. ಗುಂಡಿನ ಸದ್ದು ನಿಂತ ವರ್ಷವೇ ಜಗತ್ತಿನ ವ್ಯಾಪಾರ ಕುಸಿದಿತ್ತು. ಬಟ್ಟೆ ಹೊಲಿಯುವ ಕಾರ್ಖಾನೆಗಳು ಬಾಗಿಲು ಹಾಕಿದವು, ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರು ಬರಿಗೈಯಲ್ಲಿ ಮರಳಿದರು. ಕಾಲು ಕಿಲೋ ಖಾರಪುಡಿ ಒಯ್ಯುತ್ತಿದ್ದವರು ಈಗ ಎರಡು ಚಮಚದ ಪೊಟ್ಟಣ ಕೇಳುತ್ತಾರೆ.

ಆಮೇಲೆ ತಲೆ ತಗ್ಗಿಸಿ, ಒಂದು ಹಿಡಿ ಬೀಜ ಸಿಕ್ಕೀತೇ ಎಂದ. ಅವರ ದೇಶದ ಉತ್ತರದ ಮನ್ನಾರಿನಲ್ಲಿ ಅವನದೊಂದು ಹೊಲವಿದೆ. ಹತ್ತೊಂಬತ್ತು ವರ್ಷದ ಹಿಂದೆ, ಯುದ್ಧದ ನಡುವೆ, ಉಟ್ಟ ಬಟ್ಟೆಯಲ್ಲೇ ಮನೆಮಂದಿಯೆಲ್ಲ ಅಲ್ಲಿಂದ ಹೊರಬಿದ್ದವರು. ಈಗ ಮರಳಬಹುದು, ಆದರೆ ಹೊಲದ ತುಂಬ ಬಾಂಬು ಹುಗಿದಿದ್ದಾರೆ. ತೆಗೆದು ಮುಗಿಸಲು ಮೂರು ವರ್ಷವೋ, ನಾಲ್ಕೋ. ಅಲ್ಲಿಯವರೆಗೆ ಬೀಜ ತಾಳುತ್ತದೆಯೇ ಎಂದು ಕೇಳಿದ.

ಕಾಲಿಡಲಾಗದ ಹೊಲಕ್ಕೆ ಬೀಜ ಹುಡುಕಿಕೊಂಡು ಸಮುದ್ರ ದಾಟಿ ಬಂದ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮೂವತ್ತು ವರ್ಷದಿಂದ ಕಾಯಿ ಆರಿಸುತ್ತಿದ್ದ ಫಕ್ಕೀರವ್ವನನ್ನು ಕರೆದು ಎಲ್ಲವನ್ನೂ ಹೇಳಿದೆ, ಕೆಲಸ ನಿಲ್ಲುವುದನ್ನೂ.

ಅವಳು ಒಂದು ಕಾಯಿ ಮುರಿದು ಬೀಜವನ್ನು ಅಂಗೈಗೆ ಉದುರಿಸಿಕೊಂಡಳು.

“ನಾಕ ವರ್ಷ ತಾಳಂಗಿಲ್ಲರಿ. ವರ್ಷಾ ಎರಡ ಗಿಡಾ ಕುಂಡದಾಗ ಬೆಳಸಿ, ಬೀಜ ಹೊಸಾದು ಮಾಡ್ಕೋತ ಹೋಗಂತ ಹೇಳ್ರಿ,” ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಶಿಯ ಮುಂದೆ ಕುಳಿತು, ಒಂದೊಂದೇ ಕಾಯಿಯನ್ನು ಬೆಳಕಿಗೆ ಹಿಡಿದು ಬೀಜಕ್ಕೆಂದು ಆರಿಸತೊಡಗಿದಳು.

ನಾನು ಪಕ್ಕಕ್ಕೆ ಬಗ್ಗಿ ಕೇಳಿದೆ: “ಅವ್ರ ಹೊಲದಾಗ ಬೆಳದ್ರ ನಮ್ಮ ಕಾಯಿ ಯಾರ ಒಯ್ತಾರ, ಫಕ್ಕೀರವ್ವ?”

“ತಮ್ಮ ಹೊಲದ ಖಾರ ತಾವು ತಿನ್ನಲಿ ಬಿಡ್ರಿ, ಅಕ್ಕಾರ.”

ಅವಳು ಆರಿಸಿ ಕೊಟ್ಟ ಕಾಯಿಗಳನ್ನು ಹನೀಫ್ ಕರವಸ್ತ್ರದಲ್ಲಿ ಕಟ್ಟಿಕೊಂಡ. ಅವಳಿಗೆ ಕೈಮುಗಿದು ಸಂಜೆಯ ಬಸ್ಸಿಗೆ ಹೋದ.

ಮರುದಿನ ಎಂಟು ಗಂಟೆಗೆ ಫಕ್ಕೀರವ್ವ ಗೇಟಿನ ಮುಂದೆ ನಿಂತಿದ್ದಳು. ಕೆಲಸ ಕೇಳಲು ಬಂದಿದ್ದಾಳೆ, ಇಲ್ಲವೆಂದು ಯಾವ ಬಾಯಿಂದ ಹೇಳಲಿ ಎಂದು ಒದ್ದಾಡುತ್ತ ಹೊರಗೆ ಹೋದೆ.

“ಬೀಜಕ್ಕ ಬೂದಿ ಕಲಸಿ ಇಡಂತ ಹೇಳೂದು ಮರತೇನ್ರಿ,” ಎಂದಳು. “ಹುಳಾ ಹತ್ತೀತು. ಅವ್ರಿಗೊಂದು ಫೋನ್ ಹಚ್ರಿ, ಲಗೂನ.”