ಹತ್ತನೆಯ ಸಹಿ

ನಾಲ್ಕು ಗಂಟೆಗೆ ಇನ್ನು ಇಪ್ಪತ್ತೈದು ನಿಮಿಷ ಇರುವಾಗ ಥಾರ್ನ್‌ಶಾ ಪುರಭವನದ ಚುನಾವಣಾ ಗುಮಾಸ್ತೆ ನಾಮಪತ್ರವನ್ನು ಹಿಂದಕ್ಕೆ ತಳ್ಳಿದಳು.

"ಈ ಹತ್ತನೆಯವರ ಮನೆ ಕಾಲುವೆ ಆಚೆ ಇದೆ ಮಿಸ್ಟರ್ ಹಾಲ್‌ಸ್ಟೆಡ್. ಅದೀಗ ಪಕ್ಕದ ಕ್ಷೇತ್ರ. ಬೇರೆಯವರ ಸಹಿ ತನ್ನಿ. ನಾಲ್ಕು ಹೊಡೆದ್ಮೇಲೆ ರಾಣಿನೇ ಬಂದು ಕೊಟ್ರೂ ತಗೊಳ್ಳಲ್ಲ."

ನಾರ್ಮನ್ ಹಾಲ್‌ಸ್ಟೆಡ್ ನಾಮಪತ್ರವನ್ನು ಎತ್ತಿಕೊಂಡ. ಮೂವತ್ತು ವರ್ಷ ಕಾರ್ಖಾನೆ ನಡೆಸಿ, ಮಾಂಸ ತುಂಬಿ ಒಲೆಯಲ್ಲಿ ಬೇಯಿಸಿದ ಪೈ ಮಾರಿದವನು, ಹನ್ನೊಂದು ವರ್ಷ ಪಾರ್ಲಿಮೆಂಟಿನಲ್ಲಿ ಕೂತವನು. ಹಿಂದೆಲ್ಲ ಹತ್ತು ಮತದಾರರ ಸಹಿ ತರುವುದು ಪಕ್ಷದವರ ಪಾಡಾಗಿತ್ತು. ಪಾರ್ಲಿಮೆಂಟಿನಲ್ಲಿ ತನ್ನ ಎದುರು ಮತ ಹಾಕಿದನೆಂದು ಅದೇ ಪಕ್ಷ ಹೋದ ತಿಂಗಳು ಅವನನ್ನು ಹೊರಗೆ ಹಾಕಿತ್ತು. ಹೆಂಡತಿ ತೀರಿಕೊಂಡಿದ್ದಳು, ಕಾರ್ಖಾನೆ ಮಾರಿಯಾಗಿತ್ತು. ಈ ಸ್ಥಾನವೂ ಹೋದರೆ ನಾಳೆ ಬೆಳಿಗ್ಗೆ ಎದ್ದು ಮಾಡುವುದಾದರೂ ಏನು? ಅವನಿಗೆ ನಿಜಕ್ಕೂ ಭಯವಾಯಿತು.

ಪುರಭವನದ ಹಿಂದೆ ಇದ್ದದ್ದು ಗ್ಯಾಸ್ ಸ್ಟ್ರೀಟ್ ಒಂದೇ. ಹಳೆಯ ಪೈ ವ್ಯಾನಿನ ಚಾಲಕ ಸಿಡ್ ಬೀದಿಯ ತುದಿಯಲ್ಲಿ ಎಂಜಿನ್ ಆರಿಸದೆ ನಿಂತ. ನಾರ್ಮನ್ ಮತದಾರರ ಪಟ್ಟಿ ಹಿಡಿದು ಬಾಗಿಲು ಬಡಿಯತೊಡಗಿದ. ಅದು ಅವನ ಒಲೆಮನೆಯ ಕೆಲಸಗಾರರ ಬೀದಿ. ಅವನಿಂದ ಕಾರ್ಖಾನೆ ಕೊಂಡವರು ಆರೇ ತಿಂಗಳಲ್ಲಿ ಅದಕ್ಕೆ ಬೀಗ ಜಡಿದಿದ್ದರು.

ಮೊದಲ ಮನೆಯಲ್ಲಿ ಪರದೆ ಸರಿಯಿತು, ಬಾಗಿಲು ತೆರೆಯಲಿಲ್ಲ. ಎರಡನೆಯದರಲ್ಲಿ ಒಬ್ಬ ಮುದುಕ ನಕ್ಕ. "ಅಬ್ಬಾ, ಧಣಿಗಳು! ದಾರಿ ತಪ್ಪಿ ಬಂದ್ರಾ? ನಮ್ಮ ಕೈಗೆ ಕೆಲಸ ಇತ್ತು, ಅದನ್ನ ಮಾರಿದ್ರಿ. ಈಗ ಸಹಿನೂ ಬೇಕಾ?" ಹೀಗೇ ಏಳು ಮನೆಯಾಯಿತು. ಯಾರಿಗೂ ಕರುಣೆ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ ಬಿಡಿ.

"ಐದೇ ನಿಮಿಷ, ಸಾಹೇಬ್ರೇ!" ಎಂದು ಸಿಡ್ ಕೂಗಿದ.

ಹದಿನಾಲ್ಕನೆಯ ನಂಬರಿನ ಮನೆಯ ಬಾಗಿಲು ತೆರೆದವಳು ಅರವತ್ತರ ಆಸುಪಾಸಿನ ಹೆಂಗಸು. ಮುಖದ ಗುರುತು ಸಿಕ್ಕಿತು. ಒಲೆಯ ಮುಂದೆ ಕೆಂಪಾಗಿರುತ್ತಿದ್ದ ಮುಖ. ಅವನು ಬೇಡಿಕೊಂಡ. ಹೌದು, ಬೇಡಿಯೇ ಬೇಡಿದ.

"ಹಾಕ್ತೀನಿ," ಎಂದಳು ಅವಳು. "ಆದ್ರೆ ಒಂದ್ ಮಾತು. ಪ್ರತಿ ಚುನಾವಣೇಲೂ ಅಚ್ಚು ಹಾಕಿಸ್ತಿದ್ರಲ್ಲ, 'ನನ್ನ ಕಾರ್ಖಾನೇಲಿ ಎಲ್ಲರ ಹೆಸರೂ ಎದೆ ಮೇಲಿತ್ತು, ಎಲ್ಲರೂ ನನ್ನ ಮನೆಯವರೇ' ಅಂತ? ಹದಿನೆಂಟು ವರ್ಷ ನಿಮ್ಮ ಒಲೆ ಮುಂದೆ ನಿಂತಿದ್ದೆ. ನನ್ನ ಹೆಸರೇನು, ಹೇಳಿ."

ನಾರ್ಮನ್‌ಗೆ ಹೆಸರು ಹೊಳೆಯಲಿಲ್ಲ. ಸಿಡ್‌ನನ್ನು ಕೇಳೋಣವೆಂದರೆ ಅವನು ದೂರ. ಕಣ್ಣು ತಾನಾಗಿ ಕೈಯಲ್ಲಿದ್ದ ಪಟ್ಟಿಯ ಮೇಲೆ ಜಾರಿತು. ಮನೆ ಹದಿನಾಲ್ಕು, ಒಂದೇ ಹೆಸರು. ಉಸಿರು ಬಂತು.

"ಮಾರ್ಗರೆಟ್! ನಿಮ್ಮನ್ನ ಮರೀತೀನಾ, ಮಾರ್ಗರೆಟ್?"

ಅವಳು ಸಿಟ್ಟಾಗಲಿಲ್ಲ. "ನಮ್ಮಮ್ಮನೂ ನನ್ನನ್ನ ಹಾಗೆ ಕರೀಲಿಲ್ಲ. ಅದು ಪಟ್ಟೀಲಿರೋ ಹೆಸರು," ಎಂದು ಮೆಲ್ಲನೆ ಬಾಗಿಲು ಹಾಕಿಕೊಂಡಳು.

ಈ ಊರಲ್ಲಿ ಮಾರ್ಗರೆಟ್ ಎಂದು ಹೆಸರಿಟ್ಟ ಎಷ್ಟೋ ಹೆಣ್ಣುಮಕ್ಕಳು ಬೆಳೆಯುತ್ತಾ ಪೆಗ್ಗಿಗಳಾಗುತ್ತಾರೆ. ಹೇಗೆಂದು ಪಾದ್ರಿಯನ್ನು ಕೇಳಿದರೂ ಗೊತ್ತಿಲ್ಲ ಎನ್ನುತ್ತಾನೆ. ಮುಚ್ಚಿದ ಬಾಗಿಲ ಮುಂದೆ ನಿಂತಾಗ ನಾರ್ಮನ್‌ಗೆ ಎಲ್ಲ ನೆನಪಾಯಿತು: ಬಿಳಿ ನಿಲುವಂಗಿ, ಅದರ ಎದೆಯ ಮೇಲೆ ಕೆಂಪು ದಾರದಲ್ಲಿ ಹೊಲಿದ ಹೆಸರು, ಕೆಲಸಕ್ಕೆ ಹದಿನೈದು ವರ್ಷ ತುಂಬಿದಾಗ ಅದರ ಪಕ್ಕದಲ್ಲೇ ತಾನು ಚುಚ್ಚಿದ ಬಿಲ್ಲೆ.

ಪುರಭವನದ ಗಡಿಯಾರ ಹೊಡೆಯತೊಡಗಿತು.

ಅವನು ಮೊಣಕಾಲೂರಿ, ಬಾಗಿಲಲ್ಲಿ ಕಾಗದ ಹಾಕುವ ಕಿಂಡಿಗೆ ಬಾಯಿಟ್ಟು ಕೂಗಿದ. "ಪೆಗ್ಗಿ! ಪೆಗ್ಗಿ ನೀವು! ಪೆಗ್ಗಿ!"

ನಾಲ್ಕನೆಯ ಹೊಡೆತ ಬಿದ್ದು ಬೀದಿ ಸುಮ್ಮನಾಯಿತು. ಆಮೇಲೆ ಚಿಲಕ ಸರಿಯಿತು. ಅವಳು ಕನ್ನಡಕ ಹಾಕಿಕೊಂಡು ಬಂದಿದ್ದಳು.

"ಹ್ಞೂಂ, ನಾನೇ," ಎಂದು ಕೈ ಚಾಚಿದಳು. "ಈಗ ಕೊಡಿ ಪೆನ್ನು."